ವಸಯಿ-ವಿರಾರ್: ಅಗ್ಗದ ಮನೆಗೆ ತೆತ್ತ ಬೆಲೆ

1867ರ ಏಪ್ರಿಲ್ 12ರಂದು ಬಾಂಬೆ, ಬರೋಡಾ ಅಂಡ್ ಸೆಂಟ್ರಲ್ ಇಂಡಿಯಾ ರೈಲ್ವೆ ಕಂಪನಿ ವಿರಾರ್‌ನಿಂದ ಮುಂಬೈಯ ಬ್ಯಾಕ್‌ಬೇಗೆ ಹೊಸದೊಂದು ಗಾಡಿ ಬಿಟ್ಟಿತು. ಬೆಳಿಗ್ಗೆ 6.45ಕ್ಕೆ ವಿರಾರ್ ಬಿಡುವುದು, ಸಂಜೆ 5.30ಕ್ಕೆ ಬ್ಯಾಕ್‌ಬೇಯಿಂದ ಹಿಂದಿರುಗುವುದು. ದಿನಕ್ಕೆ ಅದೊಂದೇ ಗಾಡಿ. ನೀಲಾ, ಬೆಸಿನ್, ಬೋರಿವ್ಲಾ, ಅಂದಾರು, ಬಾಂದೋರಾ ಎಂದೆಲ್ಲ ಆಗಿನ ನಿಲ್ದಾಣಗಳ ಹೆಸರು. ಇಂದಿನ ನಾಲಾಸೋಪಾರ, ವಸಯಿ, ಬೋರಿವಲಿ, ಅಂಧೇರಿ, ಬಾಂದ್ರಾಗಳೇ ಅವು. ಮುಂಬೈಯಲ್ಲಿ ದುಡಿದು ರಾತ್ರಿ ವಸಯಿ ಖಾರಿಯಾಚೆಯ ಊರಿಗೆ ಮರಳಬಹುದು ಎಂಬ ಸಾಧ್ಯತೆ ಆ ವೇಳಾಪಟ್ಟಿಯಲ್ಲೇ ಇತ್ತು. ಆದರೆ ಅದನ್ನು ಲಕ್ಷಾಂತರ ಜನ ಬಳಸಿಕೊಳ್ಳುವುದಕ್ಕೆ ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಬಳಸಿಕೊಳ್ಳತೊಡಗಿದ ಮೇಲೆ ಒಂದೇ ತಲೆಮಾರಿನಲ್ಲಿ ಊರಿನ ಚಹರೆ ಬದಲಾಯಿತು.

ಈ ಬದಲಾವಣೆಯನ್ನು ಎರಡು ರೀತಿ ಹೇಳುವ ರೂಢಿಯಿದೆ. ಹಸಿರು ವಸಯಿಯನ್ನು ಕಾಂಕ್ರೀಟು ನುಂಗಿತು ಎನ್ನುವವರು ಕೆಲವರು. ಬಡವನಿಗೂ ಸ್ವಂತ ಮನೆ ಸಿಕ್ಕಿತು ಎನ್ನುವವರು ಇನ್ನು ಕೆಲವರು. ಎರಡೂ ನಿಜ. ಆದರೆ ಎರಡನ್ನೂ ಜೋಡಿಸುವ ಲೆಕ್ಕವೊಂದು ಬಿಟ್ಟುಹೋಗುತ್ತದೆ. ವಸಯಿ-ವಿರಾರ್‌ನ ಮನೆಗಳು ಎಂದೂ ಅಗ್ಗವಾಗಿರಲಿಲ್ಲ. ಕರಾರುಪತ್ರದಲ್ಲಿ ಬರೆದ ಮೊತ್ತ ಕಡಿಮೆಯಿತ್ತು ಅಷ್ಟೆ. ಉಳಿದದ್ದನ್ನು ರೈತರ ಬಾವಿ, ಹೆಂಗಸರ ಕೊಡ, ದುಡಿಯುವವರ ನಿದ್ದೆ ಭರಿಸಿದವು.

ವಾಡಿ ಮತ್ತು ಬಾವಖಲ

ವಸಯಿಯ ಹಳೆಯ ಕತೆಯನ್ನು ಬೇಗ ಹೇಳಿ ಮುಗಿಸಬಹುದು. ಇಂದಿನ ನಾಲಾಸೋಪಾರವೇ ಪ್ರಾಚೀನ ಶೂರ್ಪಾರಕ ಬಂದರು. 1882ರಲ್ಲಿ ಭಗವಾನ್‌ಲಾಲ್ ಇಂದ್ರಜಿ ಅಲ್ಲಿ ಸ್ತೂಪವನ್ನು ಅಗೆಸಿದರು. ಅಶೋಕನ ಬಂಡೆ ಶಾಸನದ ತುಣುಕೂ ಅದೇ ಊರಲ್ಲಿ ಸಿಕ್ಕಿತು. 1534ರಲ್ಲಿ ಗುಜರಾತಿನ ಸುಲ್ತಾನ ಬಹಾದೂರ್ ಷಾ ವಸಯಿಯನ್ನು ಪೋರ್ಚುಗೀಸರಿಗೆ ಬಿಟ್ಟುಕೊಟ್ಟ. ಅವರು ಕೋಟೆ ಕಟ್ಟಿದರು, ಚರ್ಚುಗಳನ್ನು ಕಟ್ಟಿದರು. ಇಲ್ಲಿನ ಕಲ್ಲು ಹಡಗೇರಿ ಗೋವಾದ ಚರ್ಚುಗಳಿಗೂ ಹೋಯಿತು. 1739ರಲ್ಲಿ ಮರಾಠರ ಚಿಮಾಜಿ ಅಪ್ಪಾನ ಸೇನೆ ಕೋಟೆ ಗೆದ್ದಿತು. 1802ರಲ್ಲಿ ಎರಡನೇ ಬಾಜಿರಾಯ ಇಲ್ಲಿಯೇ ಬ್ರಿಟಿಷರೊಂದಿಗೆ ಒಪ್ಪಂದ ಮಾಡಿಕೊಂಡು ಮರಾಠರ ಸ್ವಾತಂತ್ರ್ಯವನ್ನು ಅಡವಿಟ್ಟ.

ಅರಸರು ಬದಲಾದರೂ ಬದಲಾಗದೆ ಉಳಿದದ್ದು ವಾಡಿ. ರೈಲುಹಳಿಯ ಪಶ್ಚಿಮಕ್ಕೆ, ಸಮುದ್ರದವರೆಗೆ ಹಬ್ಬಿದ ತೋಟಪಟ್ಟಿಯನ್ನು ಜನ ಹಾಗೆ ಕರೆಯುತ್ತಾರೆ. ಸಾಮವೇದಿ ಕ್ರೈಸ್ತರು, ವಾಡವಳರು, ಭಂಡಾರಿಗಳು ಇಲ್ಲಿ ಬಾಳೆ, ವೀಳ್ಯದೆಲೆ, ಹೂವು, ತರಕಾರಿ ಬೆಳೆದರು. ದಂಡೆಯಲ್ಲಿ ಕೋಳಿ ಸಮುದಾಯದವರ ಮೀನುಗಾರಿಕೆ, ಖಾರಿಯ ಬದಿಯಲ್ಲಿ ಉಪ್ಪಿನ ಗದ್ದೆ. ಇಲ್ಲಿನ ರಾಜೇಳಿ ಬಾಳೆಹಣ್ಣನ್ನು ಬಿಸಿಲಲ್ಲಿ ಒಣಗಿಸಿ ಮಾಡುವ ಸುಕೇಳಿಗೆ ಮುಂಬೈ ಪೇಟೆಯಲ್ಲಿ ಹೆಸರಿತ್ತು. ನಸುಕಿನ ಗಾಡಿಯಲ್ಲಿ ಹೂವಿನ ಗಂಟು, ತರಕಾರಿ ಬುಟ್ಟಿ, ಹಾಲಿನ ಕ್ಯಾನು ಹೊತ್ತು ಮುಂಬೈಗೆ ಹೊರಡುವ ರೈತರೇ ಈ ಮಾರ್ಗದ ಮೊದಮೊದಲ ದಿನನಿತ್ಯದ ಪ್ರಯಾಣಿಕರಲ್ಲಿ ಸೇರಿದ್ದರು.

ಸಮುದ್ರದಿಂದ ಕೂಗಳತೆಯಲ್ಲಿ ಸಿಹಿನೀರಿನ ತೋಟ ಉಳಿದದ್ದು ಹೇಗೆ? ಉತ್ತರ ಬಾವಖಲದಲ್ಲಿದೆ. ಒಂದೊಂದು ವಾಡಿಯ ತಗ್ಗಿನಲ್ಲಿ ಹಿರಿಯರು ಅಗೆದಿಟ್ಟ ಹೊಂಡ ಅದು. ಕಟ್ಟೆ ಇಲ್ಲ, ಮೆಟ್ಟಿಲು ಇಲ್ಲ. ಇಳಿಜಾರಾದ ಮಣ್ಣಿನ ದಂಡೆ, ಸುತ್ತ ತೆಂಗು, ಬಾಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿದ ನೀರು ಅದರಲ್ಲಿ ತುಂಬಿ, ನಿಧಾನಕ್ಕೆ ನೆಲಕ್ಕಿಳಿದು, ಪಕ್ಕದ ಬಾವಿಗಳನ್ನು ಬೇಸಿಗೆಯವರೆಗೆ ಕಾಯುತ್ತಿತ್ತು. ಬಾವಿಯ ಮೇಲಿನ ರಹಾಟವನ್ನು ಎತ್ತು ತಿರುಗಿಸಿದರೆ ನೀರು ತೋಟದ ಕಾಲುವೆಗೆ ಬೀಳುತ್ತಿತ್ತು. ಕರಾವಳಿಯ ನೆಲದಡಿಯಲ್ಲಿ ಸಿಹಿನೀರು ಭಾರದ ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಮೇಲಿನದನ್ನು ಮಿತಿಮೀರಿ ಸೆಳೆದರೆ ಕೆಳಗಿನದು ಏರಿ ಬರುತ್ತದೆ, ಬಗಲಿನ ಸಮುದ್ರವೂ ಒಳನುಗ್ಗುತ್ತದೆ. ಎಷ್ಟು ಇಳಿಸಿದೆವೋ ಅಷ್ಟೇ ಎತ್ತಬೇಕು ಎಂಬ ತಿಳಿವಳಿಕೆಯ ಮೇಲೆ ಆ ಬೇಸಾಯ ನಿಂತಿತ್ತು.

ಮುಂಬೈಯಲ್ಲಿ ಬಾಗಿಲು ಮುಚ್ಚಿದ ಬಗೆ

ಖಾರಿಯಾಚೆ ಜನ ಯಾಕೆ ಬಂದರು ಎಂದು ತಿಳಿಯಲು ಮುಂಬೈಯ ಒಳಗೆ ನೋಡಬೇಕು. 1896ರಲ್ಲಿ ಪ್ಲೇಗ್ ಬಂದಾಗ ಕಿಕ್ಕಿರಿದ ಚಾಳುಗಳ ನರಕ ಎಲ್ಲರ ಕಣ್ಣಿಗೆ ಬಿತ್ತು. 1898ರಲ್ಲಿ ಸ್ಥಾಪನೆಯಾದ ಇಂಪ್ರೂವ್‌ಮೆಂಟ್ ಟ್ರಸ್ಟ್ ದಾದರ್, ಮಾಟುಂಗಾಗಳ ಕಡೆ ಹೊಸ ಬಡಾವಣೆಗಳನ್ನು ರೂಪಿಸಿತು. ಮಧ್ಯಮ ವರ್ಗದವರು ತಮ್ಮದೇ ದಾರಿ ಹುಡುಕಿಕೊಂಡರು. ಕನ್ನಡ ಕರಾವಳಿಯ ಮೂಲದ ಚಿತ್ರಾಪುರ ಸಾರಸ್ವತರು ಎಸ್. ಎಸ್. ತಲ್ಮಕಿಯವರ ಮುಂದಾಳತ್ವದಲ್ಲಿ 1915ರಲ್ಲಿ ಗಾಮದೇವಿಯಲ್ಲಿ ಸಾರಸ್ವತ ಸಹಕಾರಿ ಗೃಹನಿರ್ಮಾಣ ಸಂಘ ಕಟ್ಟಿದರು. ಈ ದೇಶದ ಸಹಕಾರಿ ವಸತಿ ಚಳವಳಿಗೆ ಅದು ಮೊದಲ ಹೆಜ್ಜೆಗಳಲ್ಲೊಂದು. ಲಾಭಕ್ಕಾಗಿ ಕಟ್ಟದೆ, ಬಳಸುವವರೇ ಕೂಡಿ ಕಟ್ಟಿಕೊಂಡ ಮನೆಗಳು ಸಾಧ್ಯ ಎಂಬುದಕ್ಕೆ ಅದು ಸಾಕ್ಷಿ.

ಆದರೆ ಗಿರಣಿ ಕಾರ್ಮಿಕ, ಗುಮಾಸ್ತ, ಹೋಟೆಲ್ ಮಾಣಿ ಇವರ ಮಟ್ಟಿಗೆ ಬಾಡಿಗೆ ಖೋಲಿಯೇ ಗತಿ. 1947ರ ಬಾಡಿಗೆ ನಿಯಂತ್ರಣ ಕಾಯ್ದೆ ಬಾಡಿಗೆಯನ್ನು 1940ರ ಸೆಪ್ಟೆಂಬರ್‌ನ ಮಟ್ಟಕ್ಕೆ ಕಟ್ಟಿಹಾಕಿತು. ಒಳಗಿದ್ದವರಿಗೆ ಅದು ಅಭಯ. ಹೊರಗಿನಿಂದ ಬಂದವರಿಗೆ ಬಾಗಿಲು ತೆರೆಯುವವರೇ ಇಲ್ಲದಂತಾಯಿತು. ಬಾಡಿಗೆಗೆ ಕಟ್ಟುವುದರಲ್ಲಿ ಮಾಲೀಕರಿಗೆ ಆಸಕ್ತಿ ಹೋಯಿತು. ಇದ್ದ ಖೋಲಿ ಕೈಬದಲಾಗುವಾಗ ಪಗಡಿಯ ಹೆಸರಿನಲ್ಲಿ ದೊಡ್ಡ ಗಂಟು ಕೇಳತೊಡಗಿದರು. ಕಟ್ಟಡಗಳು ಓನರ್‌ಶಿಪ್ ಫ್ಲ್ಯಾಟ್‌ಗಳ ಕಡೆ ತಿರುಗಿದವು. ಅವುಗಳ ಮಾರಾಟವನ್ನು ಶಿಸ್ತಿಗೆ ತರಲು 1963ರಲ್ಲಿ ಪ್ರತ್ಯೇಕ ಕಾಯ್ದೆಯೇ ಬಂತು. 1976ರ ನಗರ ಭೂಮಿತಿ ಕಾಯ್ದೆ ದೊಡ್ಡ ಹಿಡುವಳಿಗಳನ್ನು ಬಡವರ ಮನೆಗಳಿಗೆ ಬಿಡಿಸಬೇಕಿತ್ತು. ಆದರೆ ಹೆಚ್ಚಿನ ಜಮೀನು ಮೊಕದ್ದಮೆ, ವಿನಾಯಿತಿಗಳಲ್ಲಿ ಸಿಕ್ಕಿಕೊಂಡು ಮಾರುಕಟ್ಟೆಗೇ ಬಾರದಾಯಿತು. ಬೆಲೆ ಏರಿತು.

1982ರ ಜನವರಿ 18ರಂದು ದತ್ತಾ ಸಾಮಂತರ ನೇತೃತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದರು. ಅದು ಗೆಲ್ಲಲಿಲ್ಲ. ಕೆಲಸ ಕಳೆದುಕೊಂಡ ಎಷ್ಟೋ ಕುಟುಂಬಗಳು ಗಿರಣಿಗಳ ಪ್ರದೇಶವಾದ ಗಿರಣಗಾಂವ್‌ನ ಖೋಲಿ ಬಿಟ್ಟುಕೊಟ್ಟು, ಬಂದ ಹಣದಲ್ಲಿ ದೂರದಲ್ಲೊಂದು ಸೂರು ಹುಡುಕಿದವು. ಆ ಹುಡುಕಾಟ ಪಶ್ಚಿಮ ರೈಲ್ವೆಯ ಕೊನೆಯ ನಿಲ್ದಾಣಗಳಲ್ಲಿ ಇಳಿಯಿತು. 1928ರಲ್ಲಿ ಬೋರಿವಲಿಯವರೆಗೆ, 1936ರಲ್ಲಿ ವಿರಾರ್‌ವರೆಗೆ ವಿದ್ಯುತ್ ಗಾಡಿ ಬಂದಿದ್ದುದರಿಂದ ದಾರಿ ಮೊದಲೇ ಸಿದ್ಧವಿತ್ತು.

1988

1973ರ ಮುಂಬೈ ಮಹಾನಗರ ಪ್ರಾದೇಶಿಕ ಯೋಜನೆ ವಸಯಿಯ ತೋಟಪಟ್ಟಿಯನ್ನು ಹಸಿರು ವಲಯವೆಂದು ಗುರುತಿಸಿತ್ತು. 1988ರಲ್ಲಿ ರಾಜ್ಯ ಸರ್ಕಾರ ಆ ವಲಯದ ಸಾವಿರಾರು ಹೆಕ್ಟೇರನ್ನು ಕಟ್ಟಡಗಳಿಗೆ ತೆರೆಯಿತು. 1990ರಲ್ಲಿ ಸಿಡ್ಕೋ ಸಂಸ್ಥೆಯನ್ನು ವಿಶೇಷ ಯೋಜನಾ ಪ್ರಾಧಿಕಾರವಾಗಿ ನೇಮಿಸಿತು. ಇದೇ ಸಿಡ್ಕೋ ನವಿ ಮುಂಬೈಯಲ್ಲಿ ಮೊದಲು ಜಮೀನು ಸ್ವಾಧೀನ ಮಾಡಿಕೊಂಡು, ರಸ್ತೆ, ಚರಂಡಿ, ನೀರು ಹಾಕಿ, ಆಮೇಲೆ ನಿವೇಶನ ಹಂಚಿತ್ತು. ವಸಯಿಯಲ್ಲಿ ಅದರ ಕೈಯಲ್ಲಿ ಭೂಮಿ ಇರಲಿಲ್ಲ. ನಕ್ಷೆ ಮತ್ತು ಪರವಾನಗಿ ಮಾತ್ರ ಇತ್ತು. ಭೂಮಿ ಬಿಲ್ಡರನ ಬಳಿ, ಪರವಾನಗಿ ಸರ್ಕಾರದ ಬಳಿ, ನೀರು ಯಾರ ಬಳಿಯೂ ಇಲ್ಲ. ಆಮೇಲೆ ನಡೆದದ್ದರ ಮೂಲ ಈ ಸ್ಥಿತಿಯಲ್ಲಿದೆ.

ಸಾತ್-ಬಾರಾ ಎಂದು ಅಲ್ಲಿನವರು ಕರೆಯುವ 7/12 ಉತಾರೆ ನಮ್ಮ ಪಹಣಿಯಿದ್ದಂತೆ. ಅದರಲ್ಲಿ ಅಜ್ಜನ ಹೆಸರು, ಅಣ್ಣತಮ್ಮಂದಿರ ಹೆಸರು, ಗೇಣಿದಾರನ ಹೆಸರು ಎಲ್ಲ ಇರುತ್ತವೆ. ಭೂಮಿ ಕೊಳ್ಳಲು ಬಂದ ದಲ್ಲಾಳಿಗಳು ಒಬ್ಬನ ಸಹಿ ಹಾಕಿಸಿ ಉಳಿದವರ ಪಾಲನ್ನು ಮುಳುಗಿಸುವುದು, ಒಪ್ಪದವನನ್ನು ಬೆದರಿಸುವುದು ನಡೆಯಿತು. ಆ ಭಯದ ನಡುವೆ ಎದ್ದುನಿಂತವರು ಫಾದರ್ ಫ್ರಾನ್ಸಿಸ್ ದಿಬ್ರಿಟೊ. 'ಸುವಾರ್ತಾ' ಮಾಸಿಕದ ಸಂಪಾದಕರಾಗಿದ್ದ ಈ ಪಾದ್ರಿ ವಸಯಿಯ ನಂದಾಖಾಲ್ ಗ್ರಾಮದ ಮಗ. ಅವರ ಮುಂದಾಳತ್ವದಲ್ಲಿ ಹುಟ್ಟಿದ ಹರಿತ ವಸಯಿ ಸಂರಕ್ಷಣ ಸಮಿತಿಯಲ್ಲಿ ಹಿಂದೂ, ಕ್ರೈಸ್ತ, ಮುಸ್ಲಿಮರೆಲ್ಲ ಸೇರಿದರು. ಬೀದಿಗಿಳಿದವರಲ್ಲಿ ದೊಡ್ಡ ಸಂಖ್ಯೆಯವರು ಹೆಂಗಸರು, ಬಾವಿಯ ನೀರು ಸೇದುತ್ತಿದ್ದವರು. 2020ರಲ್ಲಿ ಉಸ್ಮಾನಾಬಾದಿನ ಅಖಿಲ ಭಾರತ ಮರಾಠಿ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದ ದಿಬ್ರಿಟೊ 2024ರಲ್ಲಿ ತೀರಿಕೊಂಡರು. ಪಶ್ಚಿಮದಲ್ಲಿ ಇಂದಿಗೂ ಉಳಿದಿರುವ ವಾಡಿಗಳಲ್ಲಿ ಆ ಚಳವಳಿಯ ಫಲ ಕಾಣುತ್ತದೆ. ಆದರೆ ರೈಲುಹಳಿಯ ಎರಡೂ ಬದಿಯ ಪಟ್ಟಿಯನ್ನು ಉಳಿಸಲು ಅದಕ್ಕೆ ಆಗಲಿಲ್ಲ.

ಟ್ಯಾಂಕರ್ ಬಂದ ಬೀದಿ

ನಾಲ್ಕು ಮಹಡಿ, ಲಿಫ್ಟ್ ಇಲ್ಲದ ಕಟ್ಟಡಗಳು ಎದ್ದವು. ಒಂದು ಅಡುಗೆಮನೆ ಕಟ್ಟೆಯಿರುವ ಒಂದೇ ಕೋಣೆಯ 'ಒನ್ ಆರ್‌ಕೆ', ಸ್ವಲ್ಪ ಮೇಲಿನವರಿಗೆ 'ಒನ್ ಬಿಎಚ್‌ಕೆ'. ನಲ್ಲಿ ಇತ್ತು, ನಲ್ಲಿಯಲ್ಲಿ ನೀರಿರಲಿಲ್ಲ. ಸೊಸೈಟಿಯವರು ಟ್ಯಾಂಕರ್ ತರಿಸಿದರು. ಟ್ಯಾಂಕರಿನ ನೀರು ಎಲ್ಲಿಂದ ಬಂತು? ವಾಡಿಗಳ ಬಾವಿಯಿಂದ, ಹೊಸದಾಗಿ ಕೊರೆದ ಬೋರ್‌ವೆಲ್‌ಗಳಿಂದ. ಬೆಳೆಗಿಂತ ನೀರು ಮಾರುವುದರಲ್ಲೇ ಲಾಭ ಹೆಚ್ಚೆಂದು ಕಂಡವರು ಪಂಪು ಹಚ್ಚಿದರು. ಒಬ್ಬ ಮಾರಿದರೆ ಪಕ್ಕದವನ ಬಾವಿಯೂ ಇಳಿಯುತ್ತದೆ. ಕೆಲವೆಡೆ ನೀರು ಉಪ್ಪಾಯಿತು, ವೀಳ್ಯದ ಬಳ್ಳಿ ಒಣಗಿತು. ಬೇಸಾಯ ಕೈಕೊಟ್ಟ ರೈತ ಕೊನೆಗೆ ಭೂಮಿಯನ್ನೂ ಮಾರಿದ. ಆ ಭೂಮಿಯಲ್ಲಿ ಇನ್ನೊಂದು ಕಟ್ಟಡ, ಅದಕ್ಕೆ ಇನ್ನಷ್ಟು ಟ್ಯಾಂಕರ್. ಬಾವಖಲಗಳನ್ನು ಮಣ್ಣು ತುಂಬಿ ಮುಚ್ಚಿದರು.

ಹೀಗಾಗಿ ಟ್ಯಾಂಕರಿನ ವಿರುದ್ಧ ಹಳ್ಳಿಯವರು ರಸ್ತೆ ತಡೆದಾಗ, ಫ್ಲ್ಯಾಟ್‌ನವರು ಖಾಲಿ ಕೊಡ ಹಿಡಿದು ಇನ್ನೊಂದು ಬದಿಗೆ ನಿಲ್ಲಬೇಕಾಯಿತು. ಇಬ್ಬರೂ ಶ್ರಮಿಕರು. ಜೀವಮಾನದ ಉಳಿತಾಯ ಸುರಿದು ಮನೆ ಕೊಂಡ ಗುಮಾಸ್ತನೂ ತಲೆಮಾರುಗಳ ಬಾವಿ ಕಳೆದುಕೊಂಡ ರೈತನೂ ಎದುರುಬದುರಾಗುವಂತೆ ಮಾಡಿದ್ದು, ನೀರಿಗೆ ಮೊದಲು ಪರವಾನಗಿ ಕೊಟ್ಟ ಆಡಳಿತ.

ಪೂರ್ವ, ಪಶ್ಚಿಮ

ಈ ಊರಿನಲ್ಲಿ ವಿಳಾಸ ಹೇಳುವಾಗ ಮೊದಲ ಮಾತು 'ಈಸ್ಟಾ, ವೆಸ್ಟಾ?' ಎರಡನೆಯದು 'ಸ್ಟೇಷನ್‌ನಿಂದ ಎಷ್ಟು ನಿಮಿಷ?' ಮನೆಯ ಬೆಲೆ ಇವೆರಡರಿಂದಲೇ ತೀರ್ಮಾನವಾಗುತ್ತದೆ. ವಸಯಿ ಪಶ್ಚಿಮದಲ್ಲಿ ಅಂಬಾಡಿ ರಸ್ತೆ, ಮಾಣಿಕ್‌ಪುರ, ಪಾಪಡಿ ದಾಟಿದರೆ ಹಳೆಯ ವಸಯಿ ಗಾಂವ್, ಕೋಟೆ, ಚರ್ಚು, ಸಮುದ್ರ. ಇಲ್ಲಿ ಕೊಳ್ಳುವವರು ಗಾಳಿ, ನೆರಳಿಗೂ ದುಡ್ಡು ಕೊಡುತ್ತಾರೆ. ವಸಯಿ ಪೂರ್ವದಲ್ಲಿ ಎವರ್‌ಶೈನ್ ಸಿಟಿ, ವಸಂತ್ ನಗರಿಗಳಂಥ ಯೋಜಿತ ಬಡಾವಣೆಗಳು. ಅದರಾಚೆ ವಾಲಿವ್, ಸಾತಿವಲಿಗಳ ಕಾರ್ಖಾನೆ ಮಳಿಗೆಗಳು. ನಾಲಾಸೋಪಾರ ಪೂರ್ವದ ತುಳಿಂಜ್, ಆಚೋಳೆ, ಸಂತೋಷ್ ಭುವನಗಳಲ್ಲಿ ಕಟ್ಟಡ ಕಟ್ಟಡವನ್ನು ಮುಟ್ಟುತ್ತದೆ, ಚಾಳುಗಳು ಬೆಟ್ಟದ ಬುಡದವರೆಗೂ ಹೋಗಿವೆ. ವಿರಾರ್ ಪಶ್ಚಿಮದ ಬೋಳಿಂಜ್ ಕಡೆ ಎತ್ತರದ ಟವರ್‌ಗಳು, ವಿರಾರ್ ಪೂರ್ವದಲ್ಲಿ ಜೀವದಾನಿ ದೇವಿಯ ಬೆಟ್ಟದ ಕೆಳಗೆ ಹಳೆಯ ದಟ್ಟ ವಸತಿ.

ಕನ್ನಡಿಗರು, ತುಳುವರು ಈ ಊರಿಗೆ ಬಂದದ್ದೂ ಇದೇ ಅಲೆಯಲ್ಲಿ. ಕುಂದಾಪುರ, ಉಡುಪಿ, ಕಾರ್ಕಳದ ಹಳ್ಳಿಗಳಿಂದ ಹುಡುಗರಾಗಿ ಬಂದು, ಹೋಟೆಲಿನ ಅಟ್ಟದಲ್ಲಿ ಮಲಗಿ, ರಾತ್ರಿ ಶಾಲೆಯಲ್ಲಿ ಕಲಿತವರಿಗೆ ಮದುವೆಯ ವಯಸ್ಸು ಬಂದಾಗ ಕೈಗೆಟುಕುವ ಮನೆ ಸಿಕ್ಕದ್ದು ಮೀರಾ ರೋಡ್, ಭಾಯಂದರ್, ನಾಲಾಸೋಪಾರ, ವಿರಾರ್‌ಗಳಲ್ಲಿ. ನಾಡಿನಲ್ಲಿ ತರವಾಡು ಮನೆ ಇದ್ದೂ ಪಾಲಿಗೆ ಕೋಣೆಯಿಲ್ಲದವರಿಗೆ ಆ ಒನ್ ಆರ್‌ಕೆ ಮೊದಲ ಸ್ವಂತ ಬಾಗಿಲು. ಕರ್ನಾಟಕ ಸಂಘಗಳು, ಶನಿಪೂಜೆ, ಭಜನೆ, ಯಕ್ಷಗಾನದ ಬಯಲಾಟ ಇಲ್ಲಿ ಬೇರು ಬಿಟ್ಟವು. ಈ ಮನೆಗಳಿಗೆ ಎಷ್ಟು ಗೌರವ ಸಲ್ಲಬೇಕೆಂದು ತಿಳಿಯಲು ಅವು ಯಾರ ಬದುಕನ್ನು ನಿಲ್ಲಿಸಿದವು ಎಂದು ನೋಡಬೇಕು. ಅವುಗಳನ್ನು ಕೊಂಡವರನ್ನು ಅತಿಕ್ರಮಣಕಾರರೆಂದು ಕಾಣುವುದು ಅನ್ಯಾಯ.

ವಿರಾರ್ ಲೋಕಲ್

ಚರ್ಚ್‌ಗೇಟಿನಿಂದ ವಿರಾರ್‌ಗೆ 60 ಕಿಲೋಮೀಟರ್. ಫಾಸ್ಟ್ ಗಾಡಿಯಲ್ಲೂ ಒಂದು ಗಂಟೆ ಮೀರಿದ ಪ್ರಯಾಣ. ಬೆಳಗಿನ ಗಾಡಿ ನಾಲಾಸೋಪಾರಕ್ಕೆ ಬರುವಾಗಲೇ ತುಂಬಿರುತ್ತದೆ. ಆದ್ದರಿಂದ ಅಲ್ಲಿನವರಲ್ಲಿ ಹಲವರು ಮೊದಲು ಉಲ್ಟಾ ದಿಕ್ಕಿನ ಗಾಡಿ ಹತ್ತಿ ವಿರಾರ್‌ಗೆ ಹೋಗಿ, ಸೀಟು ಬಿಡದೆ ಅದೇ ಗಾಡಿಯಲ್ಲಿ ಮುಂಬೈಗೆ ಹೊರಡುತ್ತಾರೆ. ಸಂಜೆ ವಿರಾರ್ ಗಾಡಿಗೆ ಬೋರಿವಲಿಯವ ಹತ್ತಿದರೆ ಅವನಿಗೆ ಇಳಿಯಲು ದಾರಿ ಬಿಡದ ಜಗಳಗಳು ಮುಂಬೈಯಲ್ಲಿ ಎಲ್ಲರಿಗೂ ಗೊತ್ತು. ದೂರ ಹೋಗುವವನಿಗೆ ಆ ಗಾಡಿಯ ಒಂದು ಗೇಣು ಜಾಗವೂ ಮನೆಯ ಬೆಲೆಯಲ್ಲಿ ಸೇರಿದೆ. 2006ರ ಜುಲೈ 11ರ ಸಂಜೆ ಉತ್ತರಕ್ಕೆ ಹೊರಟ ಗಾಡಿಗಳ ಫಸ್ಟ್ ಕ್ಲಾಸ್ ಡಬ್ಬಿಗಳಲ್ಲಿ ಏಳು ಬಾಂಬುಗಳು ಸಿಡಿದು 180ಕ್ಕೂ ಹೆಚ್ಚು ಜನ ಸತ್ತರು. ಅವರು ಮನೆಗೆ ಮರಳುತ್ತಿದ್ದವರು.

ಬೋರಿವಲಿಯಿಂದಾಚೆ ಬಹುಕಾಲ ಎರಡೇ ಹಳಿ. ಲೋಕಲ್, ಮೇಲ್, ಗೂಡ್ಸ್ ಎಲ್ಲಕ್ಕೂ ಅವೇ. 2007ರ ಹೊತ್ತಿಗೆ ವಿರಾರ್‌ವರೆಗೆ ನಾಲ್ಕು ಹಳಿಯಾದವು. ಗಾಡಿಗಳು ಹೆಚ್ಚಿದವು, ಜೊತೆಗೆ ಜನ. 2001ರ ಗಣತಿಯಲ್ಲಿ ವಸಯಿ, ವಿರಾರ್, ನಾಲಾಸೋಪಾರ, ನವ್‌ಘರ್-ಮಾಣಿಕ್‌ಪುರ ನಾಲ್ಕೂ ಪಟ್ಟಣ ಕೂಡಿದರೂ ಐದು ಲಕ್ಷ ಮುಟ್ಟಿರಲಿಲ್ಲ. 2009ರ ಜುಲೈನಲ್ಲಿ ಅವುಗಳಿಗೆ 53 ಹಳ್ಳಿಗಳನ್ನೂ ಸೇರಿಸಿ ಮಹಾನಗರಪಾಲಿಕೆ ರಚಿಸಿದರು. 2011ರ ಗಣತಿ ಅಲ್ಲಿ 12 ಲಕ್ಷಕ್ಕೂ ಹೆಚ್ಚು ಜನರನ್ನು ಎಣಿಸಿತು. ತಮ್ಮನ್ನು ಪಾಲಿಕೆಗೆ ಸೇರಿಸಬೇಡಿ ಎಂದು ಹಳ್ಳಿಗಳು ದೊಡ್ಡ ಹೋರಾಟ ಹೂಡಿದವು. ಪಾಲಿಕೆಯ ಹಿಂದೆಯೇ ಬಿಲ್ಡರ್ ಬರುತ್ತಾನೆಂದು ಅವರು 1988ರಿಂದ ಕಲಿತಿದ್ದರು.

ಕಾಗದ ಹಿಡಿದು ಬೀದಿಗೆ

ಬೇಡಿಕೆ ಕಾನೂನಿಗಿಂತ ವೇಗವಾಗಿ ಓಡಿದಾಗ ಕಾನೂನಿಲ್ಲದ ಮಾರುಕಟ್ಟೆ ಹುಟ್ಟುತ್ತದೆ. ಕೃಷಿಯಿಂದ ಬೇರೆ ಬಳಕೆಗೆ ಬದಲಾಗದ ಭೂಮಿ, ನಕಲಿ ಪರವಾನಗಿ ಪತ್ರ, ಆಕ್ಯುಪೇಷನ್ ಸರ್ಟಿಫಿಕೇಟ್ ಇಲ್ಲದ ಕಟ್ಟಡ. ಕೊಳ್ಳುವವನ ಕೈಯ ಫೈಲಿನಲ್ಲಿ ಏನೇನಿರುತ್ತದೆ? ನೋಟರಿ ಮಾಡಿಸಿದ ಕರಾರು, ಬಿಲ್ಡರನ ರಸೀದಿ, ಕರೆಂಟು ಬಿಲ್ಲು, ಪಾಲಿಕೆಗೆ ಕಟ್ಟಿದ ಮನೆ ತೆರಿಗೆಯ ಚೀಟಿ. ಮೀಟರ್ ಬಂದಿದೆ, ತೆರಿಗೆ ತೆಗೆದುಕೊಂಡಿದ್ದಾರೆ, ಇನ್ನೇನು ಬೇಕು ಎಂದು ಅವನು ನಂಬುತ್ತಾನೆ. ತೆರಿಗೆ ತೆಗೆದುಕೊಂಡ ಮಾತ್ರಕ್ಕೆ ಕಟ್ಟಡ ಸಕ್ರಮವಾಗುವುದಿಲ್ಲ ಎಂದು ಅವನಿಗೆ ಯಾರೂ ಹೇಳಿರುವುದಿಲ್ಲ.

ನಾಲಾಸೋಪಾರ ಪೂರ್ವದ ಅಗರವಾಲ್ ನಗರಿ ಪರಿಸರದಲ್ಲಿ, ಕಸ ವಿಲೇವಾರಿ ಮತ್ತು ಕೊಳಚೆ ಶುದ್ಧೀಕರಣ ಘಟಕಕ್ಕೆ ಮೀಸಲಾದ ಭೂಮಿಯಲ್ಲಿ 41 ಕಟ್ಟಡಗಳು ಎದ್ದಿದ್ದವು. ಮುಂಬೈ ಹೈಕೋರ್ಟಿನ ಆದೇಶದಂತೆ 2024ರ ಕೊನೆಯಿಂದ 2025ರ ಆರಂಭದವರೆಗೆ ಅವನ್ನು ಕೆಡವಿದರು. ಎರಡು ಸಾವಿರಕ್ಕೂ ಹೆಚ್ಚು ಕುಟುಂಬಗಳು ಬೀದಿಗೆ ಬಂದವು. 2025ರ ಆಗಸ್ಟ್ ಕೊನೆಯಲ್ಲಿ ವಿರಾರ್ ಪೂರ್ವದ ರಮಾಬಾಯಿ ಅಪಾರ್ಟ್‌ಮೆಂಟ್ ಎಂಬ ಅನಧಿಕೃತ ಕಟ್ಟಡದ ಒಂದು ಭಾಗ ನಡುರಾತ್ರಿ ಕುಸಿದು 17 ಜನ ಸತ್ತರು. ಸತ್ತವರಲ್ಲಿ ಆ ದಿನವಷ್ಟೇ ಒಂದನೆಯ ಹುಟ್ಟುಹಬ್ಬ ಆಚರಿಸಿಕೊಂಡ ಮಗುವೂ ಇತ್ತು. ಕಟ್ಟಡ ನೂರು ವರ್ಷ ಹಳೆಯದಲ್ಲ, ಎರಡು ದಶಕವನ್ನೂ ಕಂಡಿರಲಿಲ್ಲ.

ಮಳೆಗಾಲವೂ ಲೆಕ್ಕ ಕೇಳುತ್ತದೆ. ಉಪ್ಪಿನ ಗದ್ದೆ, ತಗ್ಗು ಭೂಮಿ, ಹೊಂಡಗಳೆಲ್ಲ ಮುಚ್ಚಿದ ಮೇಲೆ ನೀರಿಗೆ ಹೋಗಲು ಜಾಗವಿಲ್ಲ. 2018ರ ಜುಲೈನಲ್ಲಿ ನಾಲಾಸೋಪಾರದ ಹಳಿಗಳು ಮುಳುಗಿ ಗಾಡಿ ನಿಂತಿತು. ವಸಯಿಯ ಉಪ್ಪಿನಗದ್ದೆಯ ಕಾರ್ಮಿಕರು ನೀರಿನ ನಡುವೆ ಸಿಕ್ಕಿಬಿದ್ದರು. ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾಯುವ ಬೀದಿಯಲ್ಲಿ ಮಳೆಗಾಲಕ್ಕೆ ದೋಣಿ ಬೇಕಾಗುವುದು ಒಂದೇ ತಪ್ಪಿನ ಎರಡು ಮುಖ.

ಸೂರ್ಯಾ ನದಿಯ ನೀರು

ಕೊನೆಗೂ ಕೊಳವೆ ಬಂತು. ಉತ್ತರದಲ್ಲಿ ಸೂರ್ಯಾ ನದಿಗೆ ಕಟ್ಟಿದ ಧಾಮಣಿ ಅಣೆಕಟ್ಟಿನಿಂದ ಹಂತಹಂತವಾಗಿ ನೀರು ವಸಯಿ-ವಿರಾರ್‌ಗೆ ತಲುಪಿತು. ಬೋಳಿಂಜ್‌ನಲ್ಲಿ ರಾಜ್ಯದ ವಸತಿ ಸಂಸ್ಥೆ ಮ್ಹಾಡಾ ಕಟ್ಟಿದ ಸಾವಿರಾರು ಸರ್ಕಾರಿ ಮನೆಗಳು ವರ್ಷಗಟ್ಟಲೆ ಮಾರಾಟವಾಗದೆ ಉಳಿದದ್ದಕ್ಕೆ ನೀರಿಲ್ಲದ್ದೂ ಒಂದು ಮುಖ್ಯ ಕಾರಣ. ಸರ್ಕಾರವೇ ಕಟ್ಟಿದ ಮನೆಯನ್ನೂ ನೀರಿಲ್ಲದೆ ಜನ ಬೇಡವೆಂದರು. ಆದರೆ ಸೂರ್ಯಾ ಯೋಜನೆಯನ್ನು ರೂಪಿಸಿದ್ದು ಡಹಾಣು, ವಿಕ್ರಮಗಡ, ಪಾಲ್ಘರ್‌ಗಳ ಆದಿವಾಸಿ ರೈತರ ನೀರಾವರಿಗೆ. ತಮ್ಮ ಹೊಲದ ನೀರು ನಗರದ ಕೊಳವೆಗೆ ತಿರುಗಿತೆಂದು ಅವರು ಪ್ರತಿಭಟಿಸುತ್ತಲೇ ಬಂದಿದ್ದಾರೆ. ವಸಯಿಯ ರೈತ ಹೊತ್ತ ಭಾರ ಈಗ ಇನ್ನಷ್ಟು ಉತ್ತರಕ್ಕೆ, ಇನ್ನಷ್ಟು ಬಡವನ ಹೆಗಲಿಗೆ ದಾಟಿದೆ.

ಮನೆಗಳ ಮಾರುಕಟ್ಟೆಯೂ ಅದೇ ದಿಕ್ಕಿಗೆ ಹೊರಟಿದೆ. 2013ರಲ್ಲಿ ಲೋಕಲ್ ಗಾಡಿ ಡಹಾಣುವರೆಗೆ ಹೋಯಿತು. 2014ರಲ್ಲಿ ಪಾಲ್ಘರ್ ಪ್ರತ್ಯೇಕ ಜಿಲ್ಲೆಯಾಯಿತು. ಬೋಯಿಸರ್, ಪಾಲ್ಘರ್ ನಿಲ್ದಾಣಗಳ ಸುತ್ತ ಈಗ 'ಸ್ಟೇಷನ್‌ನಿಂದ ಹತ್ತು ನಿಮಿಷ' ಎಂಬ ಜಾಹೀರಾತಿನ ಫಲಕಗಳು. ವಸಯಿಯಲ್ಲಿ ಆದದ್ದು ಅಲ್ಲಿ ಮರುಕಳಿಸದಂತೆ ತಡೆಯಲು ಬೇಕಾದ ಜ್ಞಾನ ಹೊಸದೇನಲ್ಲ. ನೀರು, ಚರಂಡಿ, ರಸ್ತೆ ಮೊದಲು, ಪರವಾನಗಿ ಆಮೇಲೆ. ಹೊಂಡ ಮತ್ತು ತಗ್ಗು ಭೂಮಿಗೆ ನಕ್ಷೆಯಲ್ಲಿ ಕೈ ಹಚ್ಚದಿರುವುದು. ಬಾಡಿಗೆಗೆ, ಸಹಕಾರಿ ತತ್ವದಲ್ಲಿ ಕಟ್ಟುವ ಮನೆಗಳಿಗೆ ಸರ್ಕಾರಿ ಭೂಮಿ ಕೊಡುವುದು. ಅನಧಿಕೃತ ಕಟ್ಟಡ ಕೆಡವುವ ಮೊದಲು ಅದಕ್ಕೆ ಮೀಟರ್ ಕೊಟ್ಟ, ತೆರಿಗೆ ವಸೂಲಿ ಮಾಡಿದ, ಕಣ್ಣುಮುಚ್ಚಿ ಕುಳಿತ ಕಚೇರಿಗಳನ್ನು ಹೊಣೆ ಮಾಡುವುದು. ಇವುಗಳಿಗೆ ಆಗುವ ಖರ್ಚನ್ನು ಮನೆಯ ಬೆಲೆಗೆ ಪ್ರಾಮಾಣಿಕವಾಗಿ ಸೇರಿಸಿ, ದುಡಿಯುವವನಿಗೆ ಎಟುಕದ ಭಾಗವನ್ನು ಸಮಾಜ ತುಂಬಿಕೊಡಬೇಕು. ಹಾಗೆ ಮಾಡದಿದ್ದರೂ ಆ ಹಣ ಉಳಿಯುವುದಿಲ್ಲ. ಕೇಳುವವರಿಲ್ಲದವರಿಂದ ಅದು ವಸೂಲಾಗುತ್ತದೆ ಎಂಬುದಕ್ಕೆ ವಸಯಿ-ವಿರಾರ್‌ನ ನಾಲ್ಕು ದಶಕಗಳೇ ಪುರಾವೆ.